ಕಾರ್ ಪೇಂಟ್ ಮೇಲಿನ ಹುಳದ ಕಲೆ: ಪಾಲಿಶ್ ನಿಜವಾಗಿ ಏನು ಮಾಡುತ್ತೆ, ಎಲ್ಲಿ ನಿಲ್ಲಿಸ್ಬೇಕು

ಪಾಲಿಶ್ ಹೊಡೆಸಿದ್ರೆ ಬಾನೆಟ್ ಮೇಲಿನ ಹುಳದ ಕಲೆ ಹೋಗುತ್ತಾ ಅಂತ ತುಂಬಾ ಜನ ಕೇಳ್ತಾರೆ. ಹೋಗುತ್ತೆ. ಆದ್ರೆ ಹೇಗೆ ಹೋಗುತ್ತೆ ಅನ್ನೋದು ಗೊತ್ತಿಲ್ದೆ ಯಾರ ಕೈಲೂ ಮಷೀನ್ ಇಡಿಸ್ಬೇಡಿ. ಯಾಕಂದ್ರೆ ಪೇಂಟ್‌ನಲ್ಲಿ ಒಂದ್ಸಲ ಗುಳಿ ಬಿತ್ತು ಅಂದ್ರೆ ಆ ಗುಳಿನ ಯಾವ ಪಾಲಿಶ್ಶೂ ತುಂಬಿಸಿ ಕೊಡಲ್ಲ. ಬಡಗಿ ಹಲಗೆ ಮೇಲಿನ ಒಂದು ಕಚ್ಚು ಹೋಗಿಸೋಕೆ ಸುತ್ತಲಿನ ಮರನೆಲ್ಲ ಕೀಸುಳಿ ಹಾಕಿ ಆ ಕಚ್ಚಿನ ಮಟ್ಟಕ್ಕೆ ಇಳಿಸ್ತಾನಲ್ಲ, ಪಾಲಿಶ್ ಮಾಡೋದೂ ಅದೇ ಕೆಲಸ, ಗುಳಿ ಅಲ್ಲೇ ಇರುತ್ತೆ, ಅದರ ಸುತ್ತ ಇರೋ ಪೇಂಟ್ ತೆಳುವಾಗಿ ಕೆಳಗೆ ಬರುತ್ತೆ, ಎರಡೂ ಸಮ ಆದಾಗ ನಮ್ಮ ಕಣ್ಣಿಗೆ ಕಲೆ ಮಾಯ ಆದ ಹಾಗೆ ಕಾಣುತ್ತೆ. ಅಂದ್ರೆ ಪ್ರತಿ ಪಾಲಿಶ್‌ಗೂ ಕಾರ್ ಒಂದಿಷ್ಟು ಪೇಂಟ್ ಕಳ್ಕೊಳ್ಳುತ್ತೆ, ಕಳ್ಕೊಂಡಿದ್ದು ವಾಪಸ್ ಬರಲ್ಲ. ಇದೊಂದು ತಲೇಲಿ ಇಟ್ಕೊಂಡ್ರೆ ಮುಂದಿಂದೆಲ್ಲ ಸುಲಭವಾಗಿ ಅರ್ಥ ಆಗುತ್ತೆ.

ಎಷ್ಟು ಪೇಂಟ್ ಇರುತ್ತೆ ಅಂತ ಮೊದಲು ನೋಡೋಣ. ಈಗಿನ ಕಾರ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕು ಪದರ. ತಗಡಿನ ಮೇಲೆ ಮೊದಲು ತುಕ್ಕು ತಡೆಯೋ ಇಡಿ ಕೋಟ್, ಇಡೀ ಬಾಡಿನ ಟ್ಯಾಂಕ್‌ನಲ್ಲಿ ಮುಳುಗಿಸಿ ಕರೆಂಟ್ ಹಾಯಿಸಿ ಹಿಡಿಸೋದು ಇದು, ಅದರ ಮೇಲೆ ಪ್ರೈಮರ್, ಆಮೇಲೆ ನಾವು ನೋಡೋ ಬಣ್ಣ ಅಂದ್ರೆ ಬೇಸ್ ಕೋಟ್, ಎಲ್ಲದರ ಮೇಲೆ ಬಣ್ಣ ಇಲ್ಲದ ಕ್ಲಿಯರ್ ಕೋಟ್. ಹೊಳಪು ಬರೋದು ಈ ಕೊನೇದ್ರಿಂದ, ಬಣ್ಣನ ಬಿಸಿಲಿಂದ ಕಾಯೋದೂ ಇದೇ. ನಾಲ್ಕೂ ಸೇರಿ ಹೆಚ್ಚಿನ ಕಾರ್‌ಗಳಲ್ಲಿ 100ರಿಂದ 140 ಮೈಕ್ರಾನ್ ಇರುತ್ತೆ, ಕೆಲವು ಕಾರ್‌ಗಳಲ್ಲಿ ಇನ್ನೂ ಕಮ್ಮಿ. ಅದರಲ್ಲಿ ಕ್ಲಿಯರ್ ಕೋಟ್ ಪಾಲು ಸುಮಾರು 35ರಿಂದ 50 ಮೈಕ್ರಾನ್. 50 ಮೈಕ್ರಾನ್ ಅಂದ್ರೆ ಒಂದು ಮಿಲಿಮೀಟರ್‌ನ ಇಪ್ಪತ್ತರಲ್ಲಿ ಒಂದು ಪಾಲು. ಕಾರ್‌ನ ಆಯಸ್ಸು ಪೂರ್ತಿ ನಾವು ಉಜ್ಜೋದು, ಪಾಲಿಶ್ ಮಾಡೋದು ಎಲ್ಲಾ ಇಷ್ಟರೊಳಗೇ ಮುಗೀಬೇಕು. ಅದನ್ನೂ ಪೂರ್ತಿ ಖಾಲಿ ಮಾಡೋ ಹಾಗಿಲ್ಲ. ಅಲ್ಟ್ರಾವಯಲೆಟ್ ತಡೆಯೋ ಕೆಮಿಕಲ್ ಇರೋದು ಈ ಪದರದಲ್ಲೇ, ಇದು ತುಂಬ ತೆಳುವಾದ್ರೆ ಒಂದೆರಡು ಬೇಸಿಗೆ ಕಳೆಯೋಷ್ಟರಲ್ಲಿ ಅಲ್ಲಲ್ಲಿ ಬಿಳಿಚಿಕೊಂಡು ಸಿಪ್ಪೆ ಏಳೋಕೆ ಶುರು ಆಗುತ್ತೆ. ಹಳೇ ಕಾರ್‌ಗಳ ಬಾನೆಟ್, ರೂಫ್ ಮೇಲೆ ನೀವು ಇದನ್ನ ನೋಡೇ ಇರ್ತೀರ. ಅದಕ್ಕೇ ಕಾರ್‌ನ ಇಡೀ ಜೀವಮಾನದಲ್ಲಿ ಎಲ್ಲಾ ಸೇರಿ ಏಳೆಂಟು ಮೈಕ್ರಾನ್‌ಗಿಂತ ಹೆಚ್ಚು ಇಳಿಸ್ಬಾರ್ದು ಅನ್ನೋದು ಈ ಕೆಲಸ ಬಲ್ಲವರ ಅಂದಾಜು.

ಈಗ ಹುಳ. ನಮ್ಮಲ್ಲಿ ಮುಂಗಾರಿನ ಮೊದಲ ಮಳೆಗಳಾದ ಮೇಲೆ ರೆಕ್ಕೆ ಬಂದ ಗೆದ್ದಲು ಏಳುತ್ತಲ್ಲ, ಆ ಮಳೆಹುಳ, ಲೈಟ್ ಕಂಡಲ್ಲಿಗೆ ಗುಂಪುಗುಂಪಾಗಿ ಬರುತ್ತೆ. ಗಂಗಾವತಿ, ಸಿಂಧನೂರು ಕಡೆ, ಮಂಡ್ಯ ಕಡೆ ಭತ್ತದ ಗದ್ದೆ ಪಕ್ಕ ರಾತ್ರಿ ಓಡಿಸಿದವರಿಗೆ ಜಿಗಿಹುಳದ ಕಾಟ ಗೊತ್ತೇ ಇರುತ್ತೆ. ಗಂಟೆಗೆ 80, 100 ಕಿಲೋಮೀಟರ್ ಸ್ಪೀಡಲ್ಲಿ ಹೊಡೆತ ಬಿದ್ದಾಗ ಹುಳದ ಮೈ ಒಡೆದು ಒಳಗಿನ ದ್ರವ ಪೇಂಟ್ ಮೇಲೆ ಹರಡುತ್ತೆ, ಅದರಲ್ಲಿ ಪ್ರೋಟೀನ್, ಕೊಬ್ಬು, ಜೀರ್ಣ ಮಾಡೋ ಎಂಜೈಮ್‌ಗಳು ಎಲ್ಲಾ ಇರುತ್ತೆ, ಜೊತೆಗೆ ಮೈ ಮೇಲಿನ ಗಟ್ಟಿ ಕೈಟಿನ್ ಚಿಪ್ಪಿನ ಚೂರು. ಹಸಿ ಇದ್ದಾಗ ಇದು ಪೇಂಟ್‌ಗೆ ಅಂಥಾ ಕೆಟ್ಟದ್ದೇನೂ ಮಾಡಲ್ಲ. ತೊಂದ್ರೆ ಶುರು ಆಗೋದು ಮಾರನೇ ದಿನ.

ಅಮೆರಿಕಾದ ಫ್ಲಾರಿಡಾದಲ್ಲಿ ಲವ್‌ಬಗ್ ಅಂತ ಒಂದು ಕಪ್ಪು ನೊಣ ಇದೆ, ವರ್ಷಕ್ಕೆ ಎರಡ್ಸಲ, ಏಪ್ರಿಲ್-ಮೇಲಿ ಒಂದ್ಸಲ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಇನ್ನೊಂದ್ಸಲ, ಹೈವೇ ತುಂಬಾ ಎದ್ದು ಕಾರ್‌ಗಳ ಮುಂಭಾಗನ ಕಪ್ಪು ಮಾಡಿ ಹಾಕುತ್ತೆ. ಅದರ ದ್ರವದ ಪಿಎಚ್ ಹಸಿ ಇದ್ದಾಗ 6.5, ಅಂದ್ರೆ ಹೆಚ್ಚುಕಮ್ಮಿ ನೀರಿನ ಹಾಗೇ. ಒಂದು ದಿನ ಕಾರ್ ಮೇಲೇ ಬಿಟ್ರೆ ಅದು 4.25ಕ್ಕೆ ಇಳಿಯುತ್ತೆ. ಪಿಎಚ್‌ನಲ್ಲಿ ಒಂದು ಅಂಕಿ ಕಮ್ಮಿ ಆದ್ರೆ ಆಮ್ಲ ಹತ್ತು ಪಟ್ಟು ಹೆಚ್ಚು ಅಂತ ಲೆಕ್ಕ, ಹಾಗಾಗಿ ಇಲ್ಲಿ ಆಗಿರೋದು ನೂರು ಪಟ್ಟಿಗಿಂತ ಹೆಚ್ಚಿನ ಬದಲಾವಣೆ. ಕೊಳೀತಾ ಕೊಳೀತಾ ಆಮ್ಲ ಆಗೋದು ಅಂದ್ರೆ ಇದೇ.

ಇದಕ್ಕಿಂತ ನಂಗೆ ಆಶ್ಚರ್ಯ ಆಗಿದ್ದು ಏರೋಪ್ಲೇನ್ ಚಿಟ್ಟೆ ವಿಷಯ. ಹೊಳೆಯೋ ಕಾರ್ ಬಾನೆಟ್‌ನ ಅದು ನೀರು ಅಂತ ತಿಳ್ಕೊಂಡು ಅಲ್ಲೇ ಮೊಟ್ಟೆ ಇಡುತ್ತೆ, ಬೆಳಕು ಪ್ರತಿಫಲಿಸೋ ರೀತಿ ಎರಡರಲ್ಲೂ ಒಂದೇ ತರ ಇರೋದ್ರಿಂದ. ಬ್ರೆಜಿಲ್‌ನ ಸಾವೊ ಪಾಲೊದ ರಸಾಯನ ವಿಜ್ಞಾನಿಗಳು ಆ ಮೊಟ್ಟೆಗಳು ಪೇಂಟ್‌ನ ಯಾಕೆ ತಿನ್ನುತ್ತೆ ಅಂತ ಹುಡುಕಿದ್ರು. ಮೊಟ್ಟೆಯ ಪ್ರೋಟೀನ್‌ನಲ್ಲಿರೋ ಗಂಧಕದ ಅಂಶ ಬಿಸಿಗೆ ಆಕ್ಸಿಡೈಸ್ ಆಗಿ ಗಟ್ಟಿ ಆಮ್ಲ ಆಗುತ್ತೆ, ಅದು ಕ್ಲಿಯರ್ ಕೋಟ್‌ನ ರಾಳದ ಕೊಂಡಿಗಳನ್ನ ಸಲ್ಫ್ಯೂರಿಕ್ ಆಸಿಡ್ ಬಿಡಿಸೋ ಹಾಗೇ ಬಿಡಿಸುತ್ತೆ ಅಂತ ತೋರಿಸಿದ್ರು. ಇಲ್ಲಿ ಬಿಸಿ ಅನ್ನೋದು ಮುಖ್ಯ. ಫ್ಯಾಕ್ಟರಿಲಿ ಹೊಡೆಯೋ ಕ್ಲಿಯರ್ ಕೋಟ್ ಹಲವು ಕಾರ್‌ಗಳಲ್ಲಿ ಅಕ್ರಿಲಿಕ್ ಮತ್ತು ಮೆಲಮಿನ್ ಸೇರಿದ ರಾಳ, ಆ ಮೆಲಮಿನ್ ಕೊಂಡಿಗೆ ಆಮ್ಲ ಅಂದ್ರೆ ಆಗಲ್ಲ, ಬಿಸಿಲಲ್ಲಿ ನಿಂತ ಕಪ್ಪು ಕಾರ್‌ನ ಬಾನೆಟ್ 60-70 ಡಿಗ್ರಿ ಮುಟ್ಟುತ್ತೆ, ಆ ಬಿಸಿಲಿ ರಾಳನೂ ಸ್ವಲ್ಪ ಮೆತ್ತಗಾಗಿರುತ್ತೆ, ಆಮ್ಲದ ಕೆಲಸನೂ ಜೋರಾಗುತ್ತೆ. ಅದೇ ಹೊತ್ತಿಗೆ ಹುಳದ ಅಂಟು ಒಣಗಿ ಕುಗ್ಗಿ ಪೇಂಟ್‌ನ ಹಿಡಿದು ಎಳೀತಿರುತ್ತೆ. ಆಮ್ಲ ತಿನ್ನೋದು ಒಂದು, ಎಳೆತ ಇನ್ನೊಂದು, ಎರಡೂ ಸೇರಿ ಗುಳಿ ಬೀಳುತ್ತೆ. ಇದನ್ನೇ ಡೀಟೇಲಿಂಗ್‌ನವರು, ಅಂದ್ರೆ ಕಾರ್‌ನ ಶುಚಿ ಮಾಡಿ ಹೊಳಪು ತರೋ ಕೆಲಸದವರು, ಎಚಿಂಗ್ ಅನ್ನೋದು.

ಅದನ್ನ ಒಂದ್ಸಲ ಹತ್ರದಿಂದ ನೋಡಿ. ಕಾರ್‌ನ ಚೆನ್ನಾಗಿ ತೊಳೆದು ಒರೆಸಿ ನೆರಳಿಗೆ ತಂದು ಟಾರ್ಚ್‌ನ ನೇರವಾಗಿ ಬಿಡದೆ ಅಡ್ಡಡ್ಡ, ಬಾನೆಟ್‌ಗೆ ತಾಗೋ ಹಾಗೆ ಹಿಡೀಬೇಕು. ಆಗ ಕಾಣುತ್ತೆ, ಹುಳ ಬಿದ್ದ ಆಕಾರದಲ್ಲೇ ಮಸುಕಾದ ಒಂದು ಗೆರೆ, ಬಾಲ ಇರೋ ಚುಕ್ಕಿ ತರ, ಕಾರ್ ಓಡೋ ದಿಕ್ಕಿಗೆ ವಿರುದ್ಧವಾಗಿ ಹಿಂದಕ್ಕೆ ಎಳೆದಿರುತ್ತೆ, ಅಂಚು ಮಾತ್ರ ಚೂಪಾಗಿ ಹೊಳೀತಿರುತ್ತೆ, ನಡುವೆ ಮಂಕು. ಕಪ್ಪು, ಕಡುನೀಲಿ, ಕೆಂಪು ಕಾರ್‌ಗಳಲ್ಲಿ ಇದು ಎದ್ದು ಕಾಣುತ್ತೆ, ಬಿಳಿ ಕಾರ್‌ನಲ್ಲಿ ಗುಳಿಗಿಂತ ಹಳದಿ ಕಂದು ಕಲೆನೇ ಹೆಚ್ಚು ಕಾಣೋದು, ಗುಳಿ ಇದ್ರೂ ಗೊತ್ತಾಗಲ್ಲ. ಬೆರಳಿಗೆ ಒಂದು ತೆಳು ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ಮೆಲ್ಲಗೆ ಸವರಿ. ಉಬ್ಬಿದ ಹಾಗೆ ತಾಗಿದ್ರೆ ಅಲ್ಲಿನ್ನೂ ಹುಳದ ಅಂಟೇ ಇದೆ, ಪಾಲಿಶ್ ಮಾತು ಈಗಲೇ ಬೇಡ. ನುಣ್ಣಗಿದ್ದು ಕಣ್ಣಿಗೆ ಮಾತ್ರ ಕಂಡ್ರೆ ಮೇಲ್ಮಟ್ಟದ ಎಚಿಂಗ್. ಉಗುರು ಅಲ್ಲಿ ತಡೆದು ನಿಂತ್ರೆ ಆಳಕ್ಕೆ ಇಳಿದಿದೆ ಅಂತ ಲೆಕ್ಕ. ನೀರು ಚಿಮುಕಿಸಿ ನೋಡೋದೂ ಒಂದು ದಾರಿ, ಒದ್ದೆ ಇದ್ದಾಗ ಕಲೆ ಪೂರ್ತಿ ಮರೆಯಾದ್ರೆ ಅದು ಮೇಲಿನ ಗುಳಿ, ನೀರು ಅದನ್ನ ತುಂಬಿ ಮುಚ್ಚಿದೆ ಅಷ್ಟೆ, ಒದ್ದೆಯಲ್ಲೂ ಬಣ್ಣ ಬೇರೆ ಕಂಡ್ರೆ ಕಲೆ ಒಳಗೆ ಹೋಗಿದೆ.

ಮೊದಲನೇ ಕೆಲಸ ಯಾವತ್ತೂ ನೆನೆಸೋದು. ಇಲ್ಲೇ ಅರ್ಧಕ್ಕರ್ಧ ಕಾರ್ ಹಾಳಾಗೋದು ಅಂತ ನನ್ನ ಬಲವಾದ ಅಭಿಪ್ರಾಯ. ಪೆಟ್ರೋಲ್ ಬಂಕಲ್ಲಿ ಹುಡುಗ ಒಣ ಬಟ್ಟೆ ತಗೊಂಡು ಬಾನೆಟ್ ಉಜ್ಜಿ ಕೊಡ್ತಾನೆ, ಪಾಪ ಒಳ್ಳೇದಕ್ಕೇ ಮಾಡೋದು, ಆದ್ರೆ ಆ ಬಟ್ಟೆ ಕೆಳಗೆ ಹೈವೇ ಧೂಳು, ಹುಳದ ಗಟ್ಟಿ ಚಿಪ್ಪು ಎರಡೂ ಇರುತ್ತೆ, ಒಂದು ಕಲೆ ತೆಗೆಯೋಕೆ ಹೋಗಿ ನೂರು ಗೆರೆ ಬೀಳುತ್ತೆ. ಇನ್ನು ಮನೇಲಿ ಪಾತ್ರೆ ಉಜ್ಜೋ ಹಸಿರು ಸ್ಕ್ರಬ್ ತಗೊಂಡು ಬಂಪರ್ ತಿಕ್ಕೋರೂ ಇದ್ದಾರೆ, ದಯವಿಟ್ಟು ಬೇಡ, ಆ ಹಸಿರು ಸ್ಕ್ರಬ್‌ನಲ್ಲಿ ಇರೋದೇ ಗೀರೋ ಪುಡಿ. ಕಾರ್ ತಣ್ಣಗಾದ ಮೇಲೆ ದಪ್ಪ ಬಟ್ಟೆನ ಕಾರ್ ಶಾಂಪೂ ನೀರಲ್ಲಿ ಅದ್ದಿ ಮೂತಿ ಮೇಲೆ ಹಾಸಿ ಹತ್ತು ಹದಿನೈದು ನಿಮಿಷ ಬಿಡಿ, ಒಣಗೋಕೆ ಬಿಡದೆ ನಡುನಡುವೆ ನೀರು ಹಾಕ್ತಾ ಇರಿ. ಅಂಟು ಉಬ್ಬಿ ಸಡಿಲ ಆಗುತ್ತೆ, ಆಮೇಲೆ ಜೋರು ನೀರಿಗೇ ಹೆಚ್ಚಿನದ್ದು ಹೋಗಿಬಿಡುತ್ತೆ. ಹೋಗದೆ ಉಳಿದಿದ್ದಕ್ಕೆ ಬಗ್ ರಿಮೂವರ್ ಅಂತ ಸ್ಪ್ರೇ ಸಿಗುತ್ತೆ, ಹೆಚ್ಚಿನವು ಸ್ವಲ್ಪ ಕ್ಷಾರ ಇರೋ ಸೋಪು, ಪ್ರೋಟೀನ್‌ನ ಕರಗಿಸೋದು ಅದರ ಕೆಲಸ, ಅದನ್ನೂ ಬಿಸಿಲಲ್ಲಿ ಹೊಡೆದು ಒಣಗೋಕೆ ಬಿಡಬಾರ್ದು. ಕೊನೆಗೆ ಬೇಕಾದ್ರೆ ಕ್ಲೇ ಬಾರ್, ಅಂದ್ರೆ ಅಂಟಿದ ಕೊಳೆ ಎತ್ತೋ ಜೇಡಿಮಣ್ಣಿನ ತರದ ಮೆತ್ತನೆ ಉಂಡೆ, ಜಾರೋ ಹಾಗೆ ಲೂಬ್ರಿಕಂಟ್ ಹೊಡ್ಕೊಂಡು. ಬೋರ್‌ವೆಲ್ ನೀರಲ್ಲಿ ತೊಳೆದು ಬಿಸಿಲಿಗೆ ಬಿಟ್ರೆ ಕ್ಯಾಲ್ಸಿಯಂ ಕಲೆ ಬೇರೆ ಸೇರ್ಕೊಳ್ಳುತ್ತೆ, ತೊಳೆದ ತಕ್ಷಣ ಒರೆಸಿ.

ಇಷ್ಟಾದ ಮೇಲೂ ಉಳಿದಿದೆ ಅಂದ್ರೆ ಅದು ಪಾಲಿಶ್‌ಗೆ ಬಂದ ಕೇಸು.

ಪಾಲಿಶ್ ಅಂದ್ರೆ ತುಂಬಾ ನುಣುಪಾದ ಗಟ್ಟಿ ಪುಡಿ, ಸಾಮಾನ್ಯವಾಗಿ ಅಲ್ಯೂಮಿನಿಯಂ ಆಕ್ಸೈಡ್, ಅದನ್ನ ಕ್ರೀಮ್ ತರದ ದ್ರವದಲ್ಲಿ ಕಲಸಿರ್ತಾರೆ. ಪುಡಿ ದಪ್ಪ ಇದ್ರೆ ಕಾಂಪೌಂಡ್, ಸಣ್ಣ ಇದ್ರೆ ಫಿನಿಶಿಂಗ್ ಪಾಲಿಶ್. ಅದೇ ಕ್ರೀಮ್ ಮೆತ್ತನೆ ಫೋಮ್ ಪ್ಯಾಡ್‌ನಲ್ಲಿ ಒಂದು ತರ, ಮೈಕ್ರೋಫೈಬರ್ ಅಥವಾ ಉಣ್ಣೆ ಪ್ಯಾಡ್‌ನಲ್ಲಿ ಬೇರೆನೇ ತರ ಕೆಲಸ ಮಾಡುತ್ತೆ. ಫಿನಿಶಿಂಗ್ ಪಾಲಿಶ್ ಮೆತ್ತನೆ ಪ್ಯಾಡ್‌ನಲ್ಲಿ ಒಂದು ರೌಂಡ್‌ಗೆ ಒಂದು ಮೈಕ್ರಾನ್ ಕೂಡ ತೆಗೆಯಲ್ಲ, ಕಾಂಪೌಂಡ್ ಕಟಿಂಗ್ ಪ್ಯಾಡ್‌ನಲ್ಲಿ ಎರಡು ಮೂರು ಮೈಕ್ರಾನ್ ತೆಗೆದುಬಿಡಬಹುದು, ವಾಟರ್ ಪೇಪರ್, ಅಂದ್ರೆ ನೀರು ಹಾಕಿ ಉಜ್ಜೋ ಸ್ಯಾಂಡ್ ಪೇಪರ್, ಹಾಕಿದ್ರೆ ಇನ್ನೂ ಹೆಚ್ಚು. ಮೇಲೆ ಹೇಳಿದ ಏಳೆಂಟು ಮೈಕ್ರಾನ್ ಲೆಕ್ಕ ಈಗ ನೆನಪು ಮಾಡ್ಕೊಳ್ಳಿ. ಪ್ರತಿ ವರ್ಷ ಸರ್ವಿಸ್ ಜೊತೆ "ರಬ್ಬಿಂಗ್ ಪಾಲಿಶ್" ಅಂತ ಮಾಡಿಸ್ಕೊಂಡು ಬರೋ ಕಾರ್ ಐದಾರು ವರ್ಷಕ್ಕೆ ಎಲ್ಲಿಗೆ ಬಂದು ನಿಲ್ಲುತ್ತೆ ಅಂತ ನೀವೇ ಕೂಡಿ ನೋಡಿ.

ಹಾಗಾಗಿ ನಿಯಮ ಒಂದೇ, ಮೆತ್ತನೆಯದರಿಂದ ಶುರು ಮಾಡಿ, ಆಗದಿದ್ರೆ ಮಾತ್ರ ಮುಂದಿನದಕ್ಕೆ ಹೋಗೋದು. ಬಾನೆಟ್‌ನ ಒಂದು ಮೂಲೇಲಿ ಒಂದೂವರೆ ಅಡಿ ಚೌಕ ತಗೊಂಡು, ಲೋಗೋ, ರಬ್ಬರ್ ಬೀಡಿಂಗ್, ಬಾನೆಟ್‌ನ ಅಂಚಿಗೆಲ್ಲ ಮಾಸ್ಕಿಂಗ್ ಟೇಪ್ ಹಾಕಿ, ಫಿನಿಶಿಂಗ್ ಪಾಲಿಶ್ ಬಟಾಣಿ ಗಾತ್ರದ್ದು ಮೂರ್ನಾಲ್ಕು ತೊಟ್ಟು ಪ್ಯಾಡ್ ಮೇಲೆ ಇಟ್ಟು ನಿಧಾನ ಸ್ಪೀಡಲ್ಲಿ ಹರಡಿ ಆಮೇಲೆ ಸ್ಪೀಡ್ ಏರಿಸಿ, ಕೈ ಮಾತ್ರ ನಿಧಾನ, ಸೆಕೆಂಡಿಗೆ ಒಂದಿಂಚು ಅನ್ನೋಷ್ಟು ನಿಧಾನ, ಒಂದು ಗೆರೆ ಮೇಲೆ ಇನ್ನೊಂದು ಅರ್ಧ ಬರೋ ಹಾಗೆ ಉದ್ದಕ್ಕೆ ಅಡ್ಡಕ್ಕೆ ನಾಲ್ಕೈದು ಸಲ ಹೋಗ್ಬೇಕು. ಕ್ರೀಮ್ ಮೊದಲು ಬೆಳ್ಳಗಿದ್ದು ಆಮೇಲೆ ಎಣ್ಣೆ ಹಚ್ಚಿದ ಹಾಗೆ ತೆಳುವಾಗಿ ಕಾಣೋಕೆ ಶುರು ಆಗುತ್ತೆ, ಅಲ್ಲಿಗೆ ಪುಡಿ ಕೆಲಸ ಮುಗೀತು, ನಿಲ್ಲಿಸಿ. ಒರೆಸಿದ ಮೇಲೆ ಕಲೆ ಇಲ್ಲ ಅಂತ ತಕ್ಷಣ ಖುಷಿ ಪಡಬೇಡಿ, ಪಾಲಿಶ್‌ನ ಎಣ್ಣೆ ಗುಳಿಲಿ ಕೂತು ಮರೆಸಿರುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲ್ ನೀರಿಗೆ ಬೆರೆಸಿ ಮೈಕ್ರೋಫೈಬರ್ ಬಟ್ಟೇಲಿ ಒರೆಸಿ ಮತ್ತೆ ಟಾರ್ಚ್ ಅಡ್ಡ ಹಿಡಿದು ನೋಡಿ. ಅಂಗಡಿಗೆ ಕೊಟ್ಟು ಮಾಡಿಸಿದ್ರೂ ಇದನ್ನ ಕೇಳಿ ಮಾಡಿಸ್ಕೊಳ್ಳಿ, ಡೆಲಿವರಿ ದಿನ ಫಳಫಳ ಹೊಳೆದು ಎರಡು ವಾಶ್ ಆದ್ಮೇಲೆ ಕಲೆ ವಾಪಸ್ ಬಂತು ಅನ್ನೋ ದೂರಿಗೆಲ್ಲ ಹೆಚ್ಚಾಗಿ ಕಾರಣ ಈ ಎಣ್ಣೆ ತುಂಬಿಸಿರೋದೇ.

ಮಷೀನ್ ವಿಷಯಕ್ಕೆ ಬಂದ್ರೆ, ಹೊಸಬರು ಡ್ಯುಯಲ್ ಆಕ್ಷನ್ ತಗೊಳ್ಳಿ. ಅದರ ಪ್ಯಾಡ್ ತಿರುಗೋದರ ಜೊತೆಗೆ ಅಲುಗಾಡುತ್ತೆ, ಜಾಸ್ತಿ ಒತ್ತಿದ್ರೆ ತಿರುಗೋದೇ ನಿಂತುಹೋಗುತ್ತೆ, ಪೇಂಟ್‌ಗೆ ಅಪಾಯ ಕಮ್ಮಿ. ರೋಟರಿ ಒಂದೇ ಕಡೆ ಸುತ್ತುತ್ತೆ, ಕೆಲಸ ಬೇಗ ಆಗುತ್ತೆ, ಆದ್ರೆ ಒಂದೇ ಜಾಗದಲ್ಲಿ ಎರಡು ಸೆಕೆಂಡ್ ಜಾಸ್ತಿ ನಿಂತ್ರೆ ಬಿಸಿ ಏರುತ್ತೆ, ಬಾನೆಟ್‌ನ ಗೆರೆ ಎದ್ದಿರೋ ಕಡೆ, ಅಂಚಿನ ಕಡೆ ಪೇಂಟ್ ಮೊದಲೇ ತೆಳು, ಅಲ್ಲಿ ತೂತು ಬೀಳೋಕೆ ಹೊತ್ತು ಬೇಕಾಗಿಲ್ಲ. ಕೈಯಲ್ಲೂ ಮಾಡಬಹುದು, ಒಂದೆರಡು ಸಣ್ಣ ಕಲೆ ಇದ್ರೆ. ಆದ್ರೆ ಬಟ್ಟೆ ಕೆಳಗೆ ಬೆರಳ ತುದಿ ಇಟ್ಟು ಕಲೆ ಮೇಲಷ್ಟೇ ಒತ್ತಿ ಉಜ್ಜಿದ್ರೆ ಗುಳಿ ಸುತ್ತ ಇನ್ನೊಂದು ತಗ್ಗು ಆಗುತ್ತೆ, ಚಪ್ಪಟೆ ಫೋಮ್ ಅಪ್ಲಿಕೇಟರ್ ಹಿಡಿದು ಅಂಗೈ ಅಗಲದಷ್ಟು ಜಾಗದಲ್ಲಿ ಸಮವಾಗಿ ಉಜ್ಜಿ.

ಅಳತೆ ಮಾಡದೆ ಕಾಂಪೌಂಡ್‌ಗೆ ಕೈ ಹಾಕಬೇಡಿ. ಪೇಂಟ್ ಥಿಕ್‌ನೆಸ್ ಗೇಜ್ ಅಂತ ಒಂದು ಸಣ್ಣ ಉಪಕರಣ, ಒಳ್ಳೇ ಡೀಟೇಲಿಂಗ್ ಅಂಗಡಿಲಿ ಇದ್ದೇ ಇರುತ್ತೆ, ತಗಡಿನ ಮೇಲೆ ಇಟ್ರೆ ಒಟ್ಟು ಪೇಂಟ್ ಎಷ್ಟು ಮೈಕ್ರಾನ್ ಅಂತ ತೋರಿಸುತ್ತೆ. ಅದು ತೋರಿಸೋದು ನಾಲ್ಕೂ ಪದರದ ಮೊತ್ತ, ಕ್ಲಿಯರ್ ಕೋಟ್ ಒಂದನ್ನೇ ಅಲ್ಲ. ಬಾಗಿಲಿನ ಒಳಪಟ್ಟಿ ತರ ಯಾರೂ ಪಾಲಿಶ್ ಮಾಡದ ಜಾಗದಲ್ಲಿ ಒಮ್ಮೆ ನೋಡ್ಕೊಂಡು, ರೂಫ್, ಬಾಗಿಲು, ಬಾನೆಟ್ ಎಲ್ಲಾ ಅಳೆದು ಹೋಲಿಸಿದ್ರೆ ಎಲ್ಲಿ ಹಿಂದೆ ಉಜ್ಜಿದ್ದಾರೆ, ಎಲ್ಲಿ ರೀಪೇಂಟ್ ಆಗಿದೆ ಅಂತ ಗೊತ್ತಾಗುತ್ತೆ. 200, 300 ಬಂದ್ರೆ ಹೆಚ್ಚಾಗಿ ರೀಪೇಂಟ್ ಅಂತ ಅರ್ಥ.

ಆದ್ರೆ ನೋಡಿ, ಹುಳ ಹೆಚ್ಚು ಬಡಿಯೋದು ಎಲ್ಲಿಗೆ? ಮುಂದಿನ ಬಂಪರ್‌ಗೆ. ಬಂಪರ್ ಪ್ಲಾಸ್ಟಿಕ್, ಈ ಗೇಜ್ ಆಯಸ್ಕಾಂತ ಅಥವಾ ಎಡ್ಡಿ ಕರೆಂಟ್ ಮೇಲೆ ಕೆಲಸ ಮಾಡೋದ್ರಿಂದ ಪ್ಲಾಸ್ಟಿಕ್ ಮೇಲೆ ಏನೂ ತೋರಿಸಲ್ಲ. ಅಂದ್ರೆ ಹೆಚ್ಚು ಕಲೆ ಇರೋ ಜಾಗದಲ್ಲೇ ನಮಗೆ ಅಳತೆ ಇಲ್ಲ. ಜೊತೆಗೆ ಪ್ಲಾಸ್ಟಿಕ್ ಬಿಸಿನ ಹರಡಿ ಕಳಿಸಲ್ಲ, ಮಷೀನ್ ಬಿಸಿ ಅಲ್ಲೇ ಕೂತು ಪೇಂಟ್ ಮೆತ್ತಗಾಗಿ ಎದ್ದು ಬರೋ ಸಾಧ್ಯತೆ ಹೆಚ್ಚು. ಆಕಾರನೂ ತಿರುವುಮುರುವು, ಎಲ್ಲಾ ಕಡೆ ಚೂಪು ಅಂಚು. ಎಷ್ಟೋ ಬಂಪರ್‌ಗಳು ಸಿಟಿ ಟ್ರಾಫಿಕ್ಕಲ್ಲಿ ಉಜ್ಜಿಸ್ಕೊಂಡು ಒಂದ್ಸಲ ರೀಪೇಂಟ್ ಆಗೇ ಇರುತ್ತೆ, ಆ ಪೇಂಟ್ ಫ್ಯಾಕ್ಟರಿ ಪೇಂಟ್‌ಗಿಂತ ಮೆತ್ತಗಿರಬಹುದು. ಹಾಗಾಗಿ ಬಂಪರ್ ಮೇಲೆ ಸಣ್ಣ ಪ್ಯಾಡ್, ಕಮ್ಮಿ ಸ್ಪೀಡ್, ಫಿನಿಶಿಂಗ್ ಪಾಲಿಶ್ ಅಷ್ಟೇ, ಪ್ರತಿ ರೌಂಡ್ ಆದ ಮೇಲೆ ಕೈ ಹಿಂಭಾಗ ಇಟ್ಟು ಬಿಸಿ ನೋಡಿ ಆರೋಕೆ ಬಿಡಿ. ಅರ್ಧ ಕಲೆ ಹೋದ್ರೆ ಸಾಕು ಅಂತ ಒಪ್ಕೊಳ್ಳೋದೇ ಬಂಪರ್ ವಿಷಯದಲ್ಲಿ ಸರಿ ಅಂತ ನಾನಂತೂ ಹೇಳ್ತೀನಿ.

ಪ್ಯಾಡ್ ಮೇಲೂ ಕಣ್ಣಿರಲಿ. ಬಿಳಿ ಪ್ಯಾಡ್ ಬಿಳಿಯಾಗೇ ಇರ್ಬೇಕು, ಕೊಳೆ ಬಂದ್ರೆ ಸ್ವಲ್ಪ ಬೂದು ಆಗಬಹುದು. ಕಾರ್‌ನ ಬಣ್ಣನೇ ಪ್ಯಾಡ್‌ಗೆ ಹತ್ತೋಕೆ ಶುರು ಆಯ್ತು ಅಂದ್ರೆ ಆ ಕ್ಷಣ ಮಷೀನ್ ಎತ್ತಿ, ಕ್ಲಿಯರ್ ಕೋಟ್ ಮುಗಿದು ಬಣ್ಣಕ್ಕೆ ಬಂದಿದೆ. ಹಳೇ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ತರದ ಗಾಡಿಗಳ ಮೂಲ ಪೇಂಟ್‌ನಲ್ಲಿ ಕ್ಲಿಯರ್ ಕೋಟ್ ಇರಲ್ಲ, ಅಲ್ಲಿ ಬಣ್ಣ ಹತ್ತೋದು ಸಹಜ, ಅವಕ್ಕೆ ಈ ಮಾತು ಅನ್ವಯಿಸಲ್ಲ. ಮ್ಯಾಟ್ ಪೇಂಟ್ ಇರೋ ಕಾರ್‌ಗೆ ಪಾಲಿಶ್ ಮಾಡ್ಲೇಬಾರ್ದು, ಅಲ್ಲಲ್ಲಿ ಹೊಳಪು ಬಂದು ಸರಿಮಾಡೋಕಾಗದ ಹಾಗೆ ಆಗುತ್ತೆ. ಹೆಡ್‌ಲೈಟ್ ಪಾಲಿಕಾರ್ಬೊನೇಟ್, ಮೇಲೊಂದು ಗಟ್ಟಿ ಕೋಟಿಂಗ್ ಇರುತ್ತೆ, ಕಾಂಪೌಂಡ್ ಹಾಕಿ ಅದನ್ನ ತೆಗೆದ್ರೆ ಬೇಗ ಹಳದಿ ಆಗುತ್ತೆ, ನೆನೆಸಿ ತೊಳೆಯೋದು ಸಾಕು. ಗ್ಲಾಸ್‌ಗೂ ಅಷ್ಟೇ, ನೆನೆಸದೆ ವೈಪರ್ ಹಾಕಬೇಡಿ.

ಉಗುರು ತಡೆಯೋಷ್ಟು ಆಳದ ಗುಳಿ ಬಂದಾಗ ಹಲವರು ವಾಟರ್ ಪೇಪರ್ ಹಾಕಿಸ್ತಾರೆ, 2500, 3000 ನಂಬರಿನ ಪೇಪರ್‌ನಲ್ಲಿ ಆ ಚುಕ್ಕಿ ಸುತ್ತ ಮಾತ್ರ ಉಜ್ಜಿ ಆಮೇಲೆ ಕಾಂಪೌಂಡ್ ಹೊಡೆದು ಹೊಳಪು ತರೋದು. ಕೈ ಪಳಗಿದವರು, ಗೇಜ್ ಇಟ್ಕೊಂಡು, ತಗಡಿನ ಭಾಗದಲ್ಲಿ ಮಾಡಿದ್ರೆ ಆಗುತ್ತೆ. ಆದ್ರೆ ಗುಳಿ ತಳ ಮುಟ್ಟೋವರೆಗೆ ಉಜ್ಜಲೇಬೇಕು ಅನ್ನೋ ಹಟ ಬೇಡ. ಗುಳಿಯ ಅಂಚು ಚೂಪಾಗಿರೋದ್ರಿಂದಲೇ ಅದು ಬೆಳಕಿಗೆ ಎದ್ದು ಕಾಣೋದು, ಅಂಚನ್ನ ಪಾಲಿಶ್‌ನಲ್ಲಿ ದುಂಡಗೆ ಮಾಡಿಬಿಟ್ರೆ ತಳ ಹಾಗೇ ಉಳಿದ್ರೂ ಎರಡಡಿ ದೂರದಿಂದ ಕಾಣಲ್ಲ. ಗುಳಿ ಉಳಿಯಿತು, ಕ್ಲಿಯರ್ ಕೋಟೂ ಉಳಿಯಿತು. ಪೂರ್ತಿ ತೆಗೀಲೇಬೇಕು ಅಂದ್ರೆ ಆ ಪ್ಯಾನೆಲ್ ರೀಪೇಂಟ್ ಒಂದೇ ದಾರಿ, ಆದ್ರೆ ಫ್ಯಾಕ್ಟರಿಲಿ ಸುಮಾರು 140 ಡಿಗ್ರಿಲಿ ಬೇಯಿಸಿದ ಪೇಂಟ್‌ನ ಗಟ್ಟಿತನ 60 ಡಿಗ್ರಿ ಬೂತ್‌ನಲ್ಲಿ ಹೊಡೆದ ಪೇಂಟ್‌ಗೆ ಬರೋದು ಕಷ್ಟ. ನಾಲ್ಕು ಚುಕ್ಕಿಗೋಸ್ಕರ ಒರಿಜಿನಲ್ ಬಾನೆಟ್ ಪೇಂಟ್ ಕಳ್ಕೊಳ್ಳೋದು ನಂಗೆ ಸರಿ ಕಾಣಲ್ಲ.

ಪಾಲಿಶ್ ಆದ ಕಾರ್‌ನ ಬರಿಮೈಲಿ ಬಿಡಬಾರ್ದು, ಹಳೇ ವ್ಯಾಕ್ಸ್, ಸೀಲಂಟ್ ಎಲ್ಲಾ ಉಜ್ಜಿಹೋಗಿರುತ್ತೆ, ಅದೇ ದಿನ ಏನಾದ್ರೂ ಹಚ್ಚಿ. ವ್ಯಾಕ್ಸ್ ಆಗಲಿ ಸೆರಾಮಿಕ್ ಕೋಟಿಂಗ್ ಆಗಲಿ ಹುಳದ ಆಮ್ಲನ ಪೂರ್ತಿ ತಡೆಯಲ್ಲ, ಒಂದಿಷ್ಟು ಟೈಮ್ ಕೊಡುತ್ತೆ, ತೊಳೆದಾಗ ಸುಲಭವಾಗಿ ಬಿಡುತ್ತೆ. ಸೆರಾಮಿಕ್ ಕೋಟಿಂಗ್ ಮೇಲೆ 9ಎಚ್ ಅಂತ ಬರೆದಿರೋದು ಪೆನ್ಸಿಲ್‌ನಲ್ಲಿ ಗೀರಿ ನೋಡೋ ಗಟ್ಟಿತನದ ಅಳತೆ, ಆಮ್ಲಕ್ಕೂ ಅದಕ್ಕೂ ಸಂಬಂಧ ಇಲ್ಲ, ಸೆರಾಮಿಕ್ ಇದೆ ಅಂತ ಹುಳ ಬಡಿದ ಕಾರ್‌ನ ವಾರಗಟ್ಲೆ ಬಿಟ್ರೆ ಗುಳಿ ಬಿದ್ದೇ ಬೀಳುತ್ತೆ. ನಿಜವಾದ ಅಡ್ಡಗೋಡೆ ಅಂದ್ರೆ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್), ಅದು ಪೇಂಟ್ ಮೇಲೆ ಅಂಟಿಸೋ 150ರಿಂದ 200 ಮೈಕ್ರಾನ್ ದಪ್ಪದ ಪಾರದರ್ಶಕ ಫಿಲ್ಮ್, ಕಲೆ ಬಿದ್ರೂ ಫಿಲ್ಮ್ ಮೇಲೆ ಬೀಳುತ್ತೆ. ದಿನಾ ಹೈವೇಲಿ ಓಡಾಡೋರು ಇಡೀ ಕಾರ್‌ಗೆ ಹಾಕಿಸೋಕೆ ಆಗದಿದ್ರೆ ಬಂಪರ್, ಬಾನೆಟ್, ಮಿರರ್‌ಗೆ ಹಾಕಿಸಿದ್ರೂ ಸಾಕು. ಹಾಕಿಸೋ ಮುಂಚೆ ಇರೋ ಎಚಿಂಗ್‌ನ ಪಾಲಿಶ್ ಮಾಡಿಸಿ, ಟಾರ್ಚ್ ಹಿಡಿದು ನೋಡಿ ಆಮೇಲೇ ಫಿಲ್ಮ್ ಅಂಟಿಸಲು ಬಿಡಿ, ಇಲ್ಲಾಂದ್ರೆ ಅದೇ ಗುಳಿಗಳು ಫಿಲ್ಮ್ ಕೆಳಗಿಂದ ಕಾಣ್ತಾ ಇರುತ್ತೆ, ಸರಿ ಮಾಡ್ಬೇಕು ಅಂದ್ರೆ ದುಡ್ಡು ಕೊಟ್ಟು ಹಾಕಿಸಿದ ಫಿಲ್ಮ್‌ನೇ ಕೀಳ್ಬೇಕಾಗುತ್ತೆ.